ಬೇಡ್ತಿಯ ಕೆಂಪು ನೀರಲ್ಲಿ ಅಕ್ಕನ ಗಾಳ

ಮಳೆಗಾಲದಲ್ಲಿ ಪಂಪ್‌ಸೆಟ್ ರಿಪೇರಿಗೆ ಯಾರೂ ಬರುವುದಿಲ್ಲ. ಹಾಗಾಗಿ ಆ ದಿನಗಳಲ್ಲಿ ಯಲ್ಲಾಪುರದ ನನ್ನ ಅಂಗಡಿಗೆ ಬೀಗ ಹಾಕಿ ಮಾಗೋಡಿನ ಕಡೆ ಇರುವ ಅಕ್ಕನ ಮನೆಗೆ ಹೋಗುತ್ತೇನೆ. ಅಕ್ಕ ನನಗಿಂತ ಹನ್ನೆರಡು ವರ್ಷ ದೊಡ್ಡವಳು. ಅವಳ ಗದ್ದೆಯ ಕೆಳಗೇ ಬೇಡ್ತಿ ಹೊಳೆ. ನನಗೆ ಗೊತ್ತಿರುವ ಹೊಳೆಗಳಲ್ಲಿ ಅದರಷ್ಟು ಇಷ್ಟವಾದದ್ದು ಬೇರೆ ಇಲ್ಲ.

ಕಳೆದ ವರ್ಷ ಹೋಗುವಾಗ ಹುಬ್ಬಳ್ಳಿಯಿಂದ ತಂದ ಹೊಸ ಗಾಳದ ಕೋಲು ನನ್ನ ಕೈಯಲ್ಲಿತ್ತು. ಅದಕ್ಕೆ ರೀಲು, ಮೀನನ್ನು ಮರುಳು ಮಾಡಲು ಫಳಫಳ ಹೊಳೆಯುವ ತಗಡಿನ ಮೀನು, ಎಲ್ಲ ಇತ್ತು. ಆದರೆ ನಾಲ್ಕು ದಿನ ಸುರಿದ ಮಳೆಗೆ ಹೊಳೆ ದಡ ಮುಟ್ಟಿ, ಹಾಲು ಹಾಕಿದ ಚಹಾದಂತೆ ಹರಿಯುತ್ತಿತ್ತು. ಬೊಗಸೆಯಲ್ಲಿ ಎತ್ತಿದ ನೀರಿನೊಳಗೆ ನನ್ನ ಅಂಗೈಯೇ ಕಾಣಲಿಲ್ಲ. ತಗಡಿನ ಮೀನು ಯಾರ ಕಣ್ಣಿಗೆ ಬಿದ್ದೀತು? ವಾಪಸ್ ಹೋಗೋಣ ಎಂದು ಜೊತೆಗೆ ಬಂದಿದ್ದ ಅಕ್ಕನಿಗೆ ಹೇಳಿದೆ.

"ಕಣ್ಣು ಕಾಣದಿದ್ರೆ ಎಂತಾ ಆಯ್ತು ತಮಾ, ಮೀನಿಗೆ ಮೀಸೆ ಅದೆಯಲ್ಲ," ಎಂದಳು ಅಕ್ಕ.

ನಾವು ಯಾವಾಗಲೂ ಗಾಳ ಹಾಕಿ ಕೂರುವ ಹೊಳೆಗುಂಡಿಯ ಕಡೆ ಅವಳು ತಿರುಗಿಯೂ ನೋಡಲಿಲ್ಲ. ನೀರು ಹೊಕ್ಕ ಹುಲ್ಲಿನ ಅಂಚಿಗೆ, ಒಂದು ನೇರಳೆ ಮರದ ಮಗ್ಗುಲಿಗೆ ಕರೆದೊಯ್ದಳು. ಮರದ ಹಿಂದೆ ನೀರು ಸುಸ್ತಾದವರಂತೆ ನಿಧಾನಕ್ಕೆ ಸುತ್ತುತ್ತಿತ್ತು. ನಡುಹೊಳೆಯ ಸೆಳೆತ ತಾಳಲಾರದೆ ಮೀನುಗಳೂ ಇಂಥಲ್ಲಿಗೇ ಬರುತ್ತವಂತೆ. ಮೊದಲು ನೀರಿನ ಅಂಚಿಗೆ ಒಂದು ಕಡ್ಡಿ ಚುಚ್ಚಿದಳು, ನೀರು ಏರಿದರೆ ತಿಳಿಯಲಿ ಎಂದು. ಆಮೇಲೆ ತನ್ನ ಬಿದಿರ ಕೋಲಿನ ದಾರಕ್ಕೆ ನನ್ನ ಅಂಗಡಿಯ ಹಳೇ ನಟ್ಟೊಂದನ್ನು ಭಾರಕ್ಕೆ ಕಟ್ಟಿ, ಗಾಳದ ತುಂಬ ಎರೆಹುಳ ಚುಚ್ಚಿ, ಎರಡು ಮಾರು ದೂರಕ್ಕೆ ಬಿಟ್ಟಳು. ಅಷ್ಟೇ. ದಾರ ತೋರುಬೆರಳ ಮೇಲಿತ್ತು. ಅವಳು ನೀರನ್ನು ನೋಡಲೇ ಇಲ್ಲ.

ಸುಮಾರು ಹೊತ್ತಿನ ಮೇಲೆ ಅವಳ ಬೆರಳು ಮೆಲ್ಲಗೆ ಮಡಚಿಕೊಂಡಿತು. ಕೋಲು ಬಾಗಿತು. ನಾನಾಗಿದ್ದರೆ ಎಳೆದು ದಾರ ಹರಿದುಕೊಳ್ಳುತ್ತಿದ್ದೆ. ಅಕ್ಕ ಮೀನು ಹೋದ ಕಡೆಗೇ ದಡದುದ್ದಕ್ಕೆ ನಡೆದಳು, ಕರುವನ್ನು ಹಿಡಿದುಕೊಂಡು ಹೋಗುವ ಹಾಗೆ. ಒಮ್ಮೆ ಅದರ ಬೆನ್ನು ಮೇಲೆ ಬಂತು. ನನ್ನ ತೋಳುದ್ದದ ಬಾಳೆಮೀನು. ಅಷ್ಟರಲ್ಲಿ ದಾರ ನೀರಿನೊಳಗಿನ ಯಾವುದೋ ಬೇರಿಗೆ ಸಿಕ್ಕಿಕೊಂಡಿತು. ಇಳಿದು ಬಿಡಿಸುತ್ತೇನೆಂದು ನಾನು ಪ್ಯಾಂಟು ಮಡಚಿದೆ.

ಅವಳು ಹಿಂತಿರುಗಿ ಕಡ್ಡಿ ನೋಡಿದಳು. ಅದರ ತುದಿ ಮಾತ್ರ ಕಾಣುತ್ತಿತ್ತು. ಸೊಂಟದ ಕತ್ತಿ ತೆಗೆದು ದಾರ ಕತ್ತರಿಸಿಬಿಟ್ಟಳು.

"ಅಂಥಾ ಮೀನು, ಅಕ್ಕಾ," ಎಂದೆ.

"ನೀರು ಏರ್ತಾ ಅದೆ. ಮೇಲೆ ನಡಿ."

ನಾವು ಗದ್ದೆಯ ಬದು ಹತ್ತಿ ನೋಡುವಾಗ ನೇರಳೆ ಮರದ ಬುಡದ ಹುಲ್ಲು ಕಾಣೆಯಾಗಿತ್ತು. ಅಲ್ಲಿ ಈಗ ಸೆಳವು. ಮಡಚಿದ ಪ್ಯಾಂಟನ್ನು ಇಳಿಸಿಕೊಂಡೆ. ಅಕ್ಕ ಮಾತ್ರ ಆಗಲೇ ಗದ್ದೆಗೆ ನುಗ್ಗಿದ ನೀರಿನ ಮೂಲೆಯೊಂದನ್ನು ನೋಡಿಟ್ಟು, ಹೊಸ ಗಾಳ ಕಟ್ಟುತ್ತಿದ್ದಳು. ಈ ಸಲ ದಾರವನ್ನು ನನ್ನ ಬೆರಳಿಗೆ ಕೊಟ್ಟು, ಮೀನು ಎರಡು ಸಲ ಮುಟ್ಟಿದರೆ ಸುಮ್ಮನಿರು, ಮೂರನೆಯದಕ್ಕೆ ಎತ್ತು ಎಂದು ಹೇಳಿಕೊಟ್ಟಳು. ಹಾಗೇ ಮಾಡಿದೆ. ಒಂದು ಗೇಣಿನ ಚೇಳುಮೀನು ಬಂತು.

ಮಧ್ಯಾಹ್ನ ಅದನ್ನು ಮುರುಗಲ ಹುಳಿ ಹಾಕಿ ಸಾರು ಮಾಡಿದಳು. ತಮ್ಮ ಹಿಡಿದದ್ದು ಎಂದು ಭಾವನಿಗೆ ಹೇಳಿದಳೇ ಹೊರತು, ತಾನು ಬಿಟ್ಟುಕೊಟ್ಟ ಬಾಳೆಮೀನಿನ ಸುದ್ದಿ ಎತ್ತಲಿಲ್ಲ. ಊಟಕ್ಕೆ ಕೂತಾಗ ನಾನೇ ಎಲ್ಲ ಹೇಳಿದೆ. ಭಾವ ತುತ್ತು ಕೈಯಲ್ಲೇ ಹಿಡಿದು ಅವಳತ್ತ ತಿರುಗಿದರು. ಅವಳು ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿ ಒಳಗೆ ಹೋದಳು.