ಕಾಶವ್ವ ಕಾಯುತ್ತಿರುವ ‘ಸೆರ್ವುಸ್’

ಅಮೆರಿಕದ ಲಾಸ್ ಆಲ್ಟೋಸಿನ ಆ ಮನೆಗೆ ಇನ್ನೂ ಬೆಳಕು ಹರಿದಿಲ್ಲ. ಕಾಶವ್ವ ಮಂಚದ ಪಕ್ಕ ಮೊಣಕಾಲೂರಿ ಅಜ್ಜನಿಗೆ ಕಾಲುಚೀಲ ಏರಿಸುತ್ತಿದ್ದಾರೆ. ಬಾಯಿ ಬಿಗಿಹಿಡಿದಿದ್ದಾರೆ. ಅಜ್ಜ ಅವರನ್ನೇ ನೋಡುತ್ತಿದ್ದಾರೆ.

ಅಜ್ಜನ ಹೆಸರು ಅಲೊಯ್ಸ್. ಆಸ್ಟ್ರಿಯಾ ದೇಶದವರು, ಬಡಗಿಯಾಗಿದ್ದವರು. ಕಾಶವ್ವ ಗದಗಿನ ಕಡೆಯವರು. ಮಗಳು ಭುವನೇಶ್ವರಿಯ ಬಾಣಂತನಕ್ಕೆಂದು ಬಂದವರು ಇಲ್ಲೇ ನಿಂತರು. ಈಗ ಮಗಳ ಮನೆಯಿರುವ ಕ್ಯಾಂಪ್‌ಬೆಲ್‌ನಿಂದ ಎರಡು ಬಸ್ಸು ಹಿಡಿದು ಬಂದು ವಯಸ್ಸಾದವರನ್ನು ನೋಡಿಕೊಳ್ಳುತ್ತಾರೆ. ಬೆಳಿಗ್ಗೆ ಈ ಮನೆ, ಮಧ್ಯಾಹ್ನ ಇನ್ನೊಂದು. ಎತ್ತಿ ಕೂರಿಸಿ, ಮೈ ಒರೆಸಿ, ಸೊಂಟ ಹಿಡಿದುಬಿಟ್ಟಿದೆ. “ಅಮೆರಿಕಕ್ಕೆ ಬಂದೂ ಇದೇ ಕೆಲಸಾನಾ ಆಂಟಿ?” ಎಂದು ಕನ್ನಡ ಕೂಟದಲ್ಲಿ ಯಾರೋ ಕೇಳಿದ್ದರಂತೆ. “ಹೂನ್ರಿ, ನಿಮಗೂ ವಯಸ್ಸಾಗ್ಲಿ, ನಿಮ್ಮ ಮನಿಗೂ ಬರ್ತೀನಿ ಅಂದೆ” ಎನ್ನುತ್ತಾರೆ ಕಾಶವ್ವ.

ಕೆಲಸಕ್ಕೆ ಸೇರಿದ ದಿನ ಅಜ್ಜ “ಸೆರ್ವುಸ್” ಎಂದರು. ಅವರ ಊರಿನ ನಮಸ್ಕಾರ ಅದು. ಅರ್ಥವನ್ನೂ ತಿಳಿಸಿದರು: ಹಳೇ ಲ್ಯಾಟಿನ್ ಮಾತು, ‘ನಾನು ನಿಮ್ಮ ಆಳು’ ಎಂದು. ಹಂಗೇರಿಯಲ್ಲಿ, ಪೋಲೆಂಡಿನ ಕೆಲವು ಕಡೆಯಲ್ಲಿ ಕೂಡ ಗೆಳೆಯರು ಹೀಗನ್ನುವುದುಂಟು. ಇಟಲಿಯವರ ‘ಚಾವ್’ ಸಹ ಮೂಲದಲ್ಲಿ ‘ನಿಮ್ಮ ಗುಲಾಮ’ ಎಂದೇ. ಈಗ ಅರ್ಥವನ್ನು ಯಾರೂ ನೆನೆಯುವುದಿಲ್ಲ, ಮಾತು ತಾನಾಗಿ ಬಾಯಿಗೆ ಬರುತ್ತದೆ.

ಕಾಶವ್ವ ಮಾತ್ರ ನೆನೆದರು. “ನಿಮ್ಮ ಆಳು ನಾ ಅಂತ ಹಿರೇರು ಅನ್ನೂದಂದ್ರ? ನನಗ ಪಾಪ ತಟ್ಟೂದಿಲ್ಲೇನ್ರಿ? ನಮ್ಮ ಕಡೆ ಸಣ್ಣಾವ್ರ ಮೊದ್ಲ ಶರಣು ಅನ್ಬೇಕು.” ಮರುದಿನದಿಂದ ಬಾಗಿಲು ತಳ್ಳುತ್ತಲೇ ಮೊದಲು ಅವರದೇ “ಸೆರ್ವುಸ್”. ಅಜ್ಜನೂ ಬಿಡಲಿಲ್ಲ. ತಾವೇ ಮೊದಲು ಅನ್ನಬೇಕೆಂದು ಕೋಲೂರಿಕೊಂಡು ಬಾಗಿಲ ಮರೆಗೆ ಬಂದು ನಿಲ್ಲುತ್ತಿದ್ದರು. ವರ್ಷಗಟ್ಟಲೆ ಇದೇ ಪೈಪೋಟಿ.

ಈ ಯುಗಾದಿ ಕಳೆದ ಮೇಲೆ ಅಜ್ಜನಿಗೆ ಲಕ್ವ ಹೊಡೆಯಿತು. ಮಾತು ನಿಂತಿತು. ಮಾತು ಕಲಿಸಲು ಬರುವ ಬೆಂಗಳೂರಿನ ಶೈಲಜಾ ಕಾಶವ್ವನನ್ನು ಪಕ್ಕಕ್ಕೆ ಕರೆದರು. “ರೂಢಿ ಇರೋ ಮಾತೇ ಎಷ್ಟೋ ಸಲ ಮೊದಲು ವಾಪಸ್ ಬರೋದು ಆಂಟಿ. ನೀವೇ ಅಂದುಬಿಟ್ರೆ ಅವರು ಟ್ರೈನೇ ಮಾಡಲ್ಲ. ನೀವು ಸುಮ್ನಿರಿ, ಅವರು ಅನ್ನಲಿ.”

ಅದಕ್ಕೇ ಈ ಮೌನ. ಕಾಲುಚೀಲ ಆಯಿತು, ಅಂಗಿಯ ಗುಂಡಿ ಆಯಿತು. ಅಜ್ಜನ ತುಟಿ ನಡುಗುತ್ತದೆ. “ಸೆ...” ಎಂದು ಹೊರಟ ಉಸಿರು ಅಲ್ಲೇ ನಿಲ್ಲುತ್ತದೆ. ಉಳಿದರ್ಧ ಕಾಶವ್ವನ ಗಂಟಲಿಗೆ ಬಂದಿದೆ. ನುಂಗಿಕೊಳ್ಳುತ್ತಾರೆ.

ಆಮೇಲೆ ಬಸ್ ನಿಲ್ದಾಣದಲ್ಲಿ ಸೊಂಟ ಒತ್ತಿಕೊಳ್ಳುತ್ತಾ ಅನ್ನುತ್ತಾರೆ: “ಹಿರೇರ ಬಾಯಿಂದ ಹಂಗ ಅನ್ನಿಸ್ಕೊಂಡ್ರ ಪಾಪ ಬರತೈತಿ, ಖರೆ. ನನಗ ಪಾಪ ಬರ್ಲಿ ಬಿಡ್ರಿ. ಅವರಿಗೆ ಮಾತು ಬರ್ಲಿ.”