ಸಂಡಿಗೆಗೆ ಬಿದ್ದ ಕರಿಕಲ್ಲು

ಮೊನ್ನೆ ತುಮಕೂರಿನ ಮನೆಯಲ್ಲಿ ಊಟಕ್ಕೆ ಕುಳಿತು ಸಂಡಿಗೆ ಕಡಿದೆ, ಕಟಕ್ಕೆಂದಿತು. ಸದ್ದು ಮಾಡುವುದು ಸಂಡಿಗೆಯ ಧರ್ಮವೇ, ಆದರೆ ಇದು ಹಲ್ಲಿನ ಸದ್ದು. ತೆಗೆದು ನೋಡಿದರೆ ಎಳ್ಳಿಗಿಂತ ತುಸು ದೊಡ್ಡ ಕಲ್ಲಿನ ಚೂರು. ಬೇರೆಯವರಾಗಿದ್ದರೆ ಹೆಂಡತಿಯತ್ತ ನೋಡುತ್ತಿದ್ದರು. ಭೂವಿಜ್ಞಾನದ ಮೇಷ್ಟರಾಗಿ ನಿವೃತ್ತನಾದ ನಾನು ಭೂತಗನ್ನಡಿ ಹುಡುಕಿದೆ. ಅರ್ಧ ಕಪ್ಪು, ಅರ್ಧ ಬೂದು. ಅನುಮಾನವೇ ಇಲ್ಲ, ಗುಬ್ಬಿ ಹತ್ತಿರದ ನಮ್ಮೂರ ಹಾಸುಬಂಡೆಯದು.

ಆ ಬಂಡೆಯ ಕತೆ ಹೇಳದಿದ್ದರೆ ನಿಮಗೆ ನನ್ನ ಹಲ್ಲಿನ ಬೆಲೆ ತಿಳಿಯುವುದಿಲ್ಲ. ತಾತ ಆಸ್ತಿ ಪಾಲು ಮಾಡುವಾಗ ಮನೆ ಹಿಂದಿನ ಬಂಡೆಯನ್ನೂ ಬಿಡಲಿಲ್ಲ. ಬೂದು ಬಂಡೆಯ ನಡುವೆ ಉದ್ದಕ್ಕೂ ಒಂದು ಕರಿಪಟ್ಟೆ ಹಾದಿತ್ತು. ಅದೇ ಎಲ್ಲೆ, ಮೂಡಲು ದೊಡ್ಡಪ್ಪನಿಗೆ, ಪಡುವಲು ಚಿಕ್ಕಪ್ಪನಿಗೆ ಎಂದು ಬರೆಸಿ ಕಣ್ಣು ಮುಚ್ಚಿದರು. ನೌಕರಿಯಲ್ಲಿದ್ದ ನಮ್ಮಪ್ಪ ಬಂಡೆ ಬೇಡವೆಂದಿದ್ದರು. ಎಲ್ಲೆಗೆ ಅಗಲವಿರುವುದಿಲ್ಲ ಎಂಬುದು ತಾತನ ನಂಬಿಕೆ. ಈ ಎಲ್ಲೆ ನಾಲ್ಕು ಮೊಳ ಅಗಲವಿತ್ತು. ಸಾಲದ್ದಕ್ಕೆ ಕರಿಕಲ್ಲು ಬೇಗ ಕಾಯುತ್ತಿತ್ತು. ಬೂದುಕಲ್ಲಿನ ಮೇಲೆ ಮೂರು ದಿನ ಒಣಗುವ ಸಂಡಿಗೆ ಅಲ್ಲಿ ಒಂದೂವರೆ ದಿನಕ್ಕೆ ಗರಿಗರಿ.

ದೊಡ್ಡಮ್ಮನ ಮಗಳ ಮದುವೆ ಕುಣಿಗಲ್ಲಿನ ಕಡೆಗೆ ಗೊತ್ತಾದ ವರ್ಷ ಸಂಡಿಗೆ ಬೇಕಾಯಿತು, ಪಟ್ಟೆಯೂ ಬೇಕಾಯಿತು. ಚಿಕ್ಕಮ್ಮ ಬೆಳಗ್ಗೆಯೇ ಅದರ ಮೇಲೆ ತಮ್ಮ ಸಂಡಿಗೆ ಹರಡಿಬಿಟ್ಟಿದ್ದರು. ಓರಗಿತ್ತಿಯರ ಮಾತು ನಿಂತಿತು. ಚಿಕ್ಕಮ್ಮನಿಲ್ಲದೆ ಮದುವೆಯ ಅಡುಗೆಮನೆ ನಡೆಯುವಂತಿರಲಿಲ್ಲ. ಆಗ ತಾನೇ ಎಂ.ಎಸ್ಸಿ. ಮುಗಿಸಿ, ಕೇಳುವವರಿಲ್ಲದ ಪಾಂಡಿತ್ಯ ಹೊತ್ತು ತಿರುಗುತ್ತಿದ್ದ ನನ್ನನ್ನು ಮನೆಯವರು ತೀರ್ಪಿಗೆಂದು ಕರೆಸಿದರು.

"ಓದಿ ಬಂದವ್ನಲ್ಲ, ಹೇಳ್ಲಿ ಬುಡು. ಈ ಕರಿಕಲ್ಲು ನನ್ ಕಡೇದೋ, ಅವಳ ಕಡೇದೋ?" ಎಂದರು ದೊಡ್ಡಮ್ಮ.

"ಕಲ್ಲಿನ ಮೇಲೆ ಹೆಸ್ರು ಬರ್ದೈತಾ ಅಂತ ನಿಮ್ ದೊಡ್ಡಮ್ಮನ್ನ ಕೇಳೋ," ಎಂದರು ಆಚೆ ಬದಿಯ ಚಿಕ್ಕಮ್ಮ.

ನಾನು ಹೈಕೋರ್ಟಿನ ಗಾಂಭೀರ್ಯದಿಂದ ಗಂಟಲು ಸರಿಮಾಡಿಕೊಂಡೆ. "ಇಬ್ಬರದೂ ಅಲ್ಲ. ನಿಮ್ಮಿಬ್ಬರ ಕಡೇದೂ ಒಂದೇ ಹಳೇ ಕಲ್ಲು; ಭೂಮಿಯೊಳಗೆ ಬೆಂದು, ನಲುಗಿ, ರೂಪ ಬದಲಾಗಿರೋದು. ಎಷ್ಟೋ ಕಾಲ ಆದ್ಮೇಲೆ ಅದು ಬಿರಿದಾಗ ಈ ಕರಿಕಲ್ಲು ಕೆಳಗಿಂದ ಪಾಯಸದ ಹಾಗೆ ಕುದೀತಾ ನುಗ್ತು. ತಾನು ಆರೋಷ್ಟರಲ್ಲಿ ಎರಡು ಅಂಚನ್ನೂ ಮತ್ತೆ ಸುಟ್ಟು ಗಟ್ಟಿ ಮಾಡ್ತು. ಬೇಕಾದ್ರೆ ನೋಡಿ!"

ನೋಡಿ ಎಂದವನು ಸುಮ್ಮನಿರಬಾರದೆ? ಸುತ್ತಿಗೆ ತೆಗೆದು ಎರಡೂ ಅಂಚಿಗೆ ಬಲವಾಗಿ ಬಡಿದೆ. ಸಾಕ್ಷ್ಯ ಚೂರುಚೂರಾಗಿ ಹಾರಿ, ಒಂದಿಷ್ಟು ಚಿಕ್ಕಮ್ಮ ಅಂದು ಮತ್ತೆ ಪಟ್ಟೆಯ ಮೇಲೆ ಹರಡಿದ್ದ ಹಸಿ ಸಂಡಿಗೆಗೆ, ಉಳಿದದ್ದು ದೊಡ್ಡಮ್ಮ ತಂದಿಟ್ಟಿದ್ದ ಹಿಟ್ಟಿನ ಪಾತ್ರೆಗೆ ಬಿತ್ತು.

ಹದಿನೈದು ದಿನಗಳ ಮೌನ ಮುರಿಯಿತು. "ಅಕ್ಕಾ, ಇವನ್ನ ನೋಡಿ!"

"ನೋಡ್ದೆ ಕಣೇ! ಆ ಕರಿಕಲ್ಲೂ ಇವನಂಗೇಯ. ನಡುವೆ ನುಗ್ಗಿ ಎರಡ್ ಕಡೆಯೋರ್ನೂ ಬೇಯ್ಸಿದೆ."

"ಬಂದಿದ್ದು ಹೋಗ್ಲೂ ಇಲ್ಲ ಬುಡಿ!"

ಸಂಜೆಯವರೆಗೆ ಇಬ್ಬರೂ ಪಟ್ಟೆಯ ಮೇಲೆ ಮಂಡಿ ತಾಗಿಸಿ ಕುಳಿತು, ನನ್ನನ್ನು ಬೈಯುತ್ತ ಚೂರು ಹೆಕ್ಕಿದರು. ನನ್ನ ವೃತ್ತಿಜೀವನದಲ್ಲಿ ಭೂವಿಜ್ಞಾನದಿಂದ ಯಾರಿಗಾದರೂ ಉಪಕಾರವಾಗಿದ್ದರೆ ಅದೊಂದೇ ದಿನ.

ಹೆಕ್ಕಿದ ಚೂರುಗಳನ್ನು ದೊಡ್ಡಮ್ಮ ಕುಂಕುಮದ ಭರಣಿಯಲ್ಲಿ ಎತ್ತಿಟ್ಟರು. ವರ್ಷವರ್ಷವೂ ಸಂಡಿಗೆ ಇಡುವಾಗ ನನ್ನ ಪಾಲಿನ ಒಂದರ ಹೊಟ್ಟೆಗೆ ತಾವೇ ಒಂದು ಚೂರು ಸೇರಿಸುತ್ತಿದ್ದರು. ಕಳೆದ ಚಳಿಗಾಲದಲ್ಲಿ ಅವರು ಹಾಸಿಗೆ ಹಿಡಿದಿದ್ದರು. ಈ ಸಲ ಊರಿನಿಂದ ಸಂಡಿಗೆಯ ಡಬ್ಬಿ ಬಂದಾಗ ಚೂರು ಇರಲಾರದೆಂದು, ವಿಚಾರಿಸಲೂ ಧೈರ್ಯವಾಗದೆ, ಸುಮ್ಮನೆ ಕಡಿದಿದ್ದೆ.

ಚಿಕ್ಕಮ್ಮನಿಗೆ ಫೋನು ಮಾಡಿದೆ. "ಹಲ್ಲು ಹೋಯ್ತು ಚಿಕ್ಕಮ್ಮ."

ಹಿಂದಿನಿಂದ ಇನ್ನೊಂದು ದನಿ, ತೆಳ್ಳಗಾಗಿದ್ದರೂ ಮೊನಚು ಹಾಗೇ: "ಮೇಲಿಂದಾ, ಕೆಳಗಿಂದಾ ಕೇಳೇ!"

"ಚೂರು ಎರಡರ ನಡುವೆ ನುಗ್ಗಿ ಎರಡನ್ನೂ ಅಲ್ಲಾಡಿಸಿದೆ ಅಂತ ಹೇಳಿ."

ಆ ಕಡೆಯಿಂದ ಎರಡು ನಗು ಒಟ್ಟಿಗೆ ಕೇಳಿದವು. ಉಳಿದ ಸಂಡಿಗೆಯನ್ನು ಇನ್ನೊಂದು ಬದಿಯ ಹಲ್ಲಿಗೆ ವರ್ಗಾಯಿಸಿ, ಪೂರ್ತಿ ತಿಂದೆ.