ಎರಡು ಹಾರೆ ಅಗಲದ ಬರಿನೆಲ

ಒಗೆದು ಹರವಿದ ಬಿಳಿ ದುಪಟ್ಟಾದ ಮೇಲೆ ಇವತ್ತು ಮತ್ತೆ ಕರಿ ಎಳೆಗಳು ಬಿದ್ದಿದ್ದವು. ಕಬ್ಬಿನ ತರಗು ಸುಟ್ಟ ಬೂದಿಯನ್ನು ನೀವೂ ನೋಡಿರಬಹುದು. ಒಣ ಎಲೆಯ ಆಕಾರ ಹಾಗೇ ಉಳಿದಿರುತ್ತದೆ. ಉದ್ದಕ್ಕೆ, ಸುರುಳಿಯಾಗಿ, ಗಾಳಿಯಲ್ಲಿ ತೇಲಿ ಬರುತ್ತದೆ. ಬೂದಿ ಎಂದು ತಿಳಿಯುವುದು ಮುಟ್ಟಿದ ಮೇಲೆಯೇ, ಅಷ್ಟರಲ್ಲಿ ಬಟ್ಟೆಗೆ ಮಸಿ ಮೆತ್ತಿರುತ್ತದೆ. ನಾನು ಕಿರಂಗೂರಿಗೆ ಬಾಡಿಗೆಗೆ ಬಂದು ಮೂರು ವರ್ಷವಾಯಿತು. ಪ್ರತಿ ಕಟಾವಿನ ನಂತರವೂ ಇದೇ. ಕೆಳಗಿನಿಂದ ಮನೆಯೊಡತಿ, "ಕೊಡವ್‌ಬುಟ್ಟು ತಗೊಳ್ಳಿ ಮಿಸ್ಸು, ಉಜ್ಜಬ್ಯಾಡಿ" ಎನ್ನುತ್ತಾರೆ. ನಾನು ಆಗಲಿ ಎನ್ನುತ್ತೇನೆ. ನಮ್ಮಿಬ್ಬರ ಮಾತು ಸಾಮಾನ್ಯವಾಗಿ ಅಲ್ಲಿಗೇ ಮುಗಿಯುತ್ತದೆ. ಅದರಲ್ಲಿ ಅವರ ತಪ್ಪೇನಿಲ್ಲ.

ಕಾಲೇಜಿನಲ್ಲಿ ನಾನು ಪರಿಸರ ವಿಜ್ಞಾನ ಕಲಿಸುತ್ತೇನೆ. ತರಗು ಸುಡಬಾರದು, ನೆಲಕ್ಕೆ ಹೊದಿಸಬೇಕು ಎಂಬ ಪಾಠವೂ ಅದರಲ್ಲಿದೆ. ಆ ಪಾಠವನ್ನು ಬೇಗ ಮುಗಿಸುತ್ತೇನೆ.

ನಮ್ಮ ಊರು ಕೆ.ಆರ್.ಪೇಟೆಯ ಕಡೆ. ನಮ್ಮದು ಕಮ್ಮಾರರ ಮನೆ. ತಾತನ ಕಾಲಕ್ಕೇ ಕುಲುಮೆ ಆರಿತ್ತು. ಅಪ್ಪ ಸರ್ಕಾರಿ ನೌಕರಿ ಹಿಡಿದು ಕೆ.ಆರ್.ಪೇಟೆಯಲ್ಲಿ ಮನೆ ಕಟ್ಟಿಸಿದರು, ಚಿಕ್ಕಪ್ಪ ಊರಲ್ಲಿ ಉಳಿದು ಜಮೀನು ನೋಡಿಕೊಂಡರು. ಅಪ್ಪನ ಅಕ್ಕ, ನಮ್ಮ ಅತ್ತೆ, ಮದುವೆಯಾಗಿ ಒಂದು ವರ್ಷ ತುಂಬುವ ಮೊದಲೇ ವಾಪಸು ಬಂದವಳು. ಯಾಕೆಂದು ಅವಳು ಹೇಳಲಿಲ್ಲ, ನಾವೂ ಕೇಳಲಿಲ್ಲ. ಹೇಳದೆ ಇರುವ ವಿದ್ಯೆ ನನಗೆ ಬಂದದ್ದು ಆ ಕಡೆಯಿಂದಲೇ. ತಮ್ಮಂದಿರ ಮನೆಯ ಮೂಲೆ ಬೇಡವೆಂದು ಜಮೀನಿನ ಅಂಚಿನ ದನದ ಕೊಟ್ಟಿಗೆಯಲ್ಲೇ ಒಂದು ಮಂಚ, ಒಂದು ಒಲೆ ಹಾಕಿಕೊಂಡು ಎರಡು ಹಸು ಸಾಕಿ ಬದುಕಿದಳು. ಕಲ್ಲಿನ ಕಂಬ, ತೆಂಗಿನ ಗರಿಯ ಮಾಡು, ಪಕ್ಕದಲ್ಲಿ ಹುಲ್ಲಿನ ಮೆದೆ. ತಾತನ ಇಕ್ಕಳ, ಸುತ್ತಿಗೆಗಳೂ ಅಲ್ಲೇ ಇದ್ದವು. ಅಪ್ಪನಿಗೆ ಇದು ನಾಚಿಕೆ. ನೌಕರಿಯಲ್ಲಿದ್ದೂ ಅಕ್ಕನನ್ನು ಕೊಟ್ಟಿಗೆಯಲ್ಲಿಟ್ಟಿದ್ದಾನೆ ಎಂದು ಜನ ಆಡಿಕೊಳ್ಳುತ್ತಾರೆಂದು ಹಬ್ಬಕ್ಕೊಮ್ಮೆ ಬಂದು ಕರೆಯುತ್ತಿದ್ದರು. "ಇದು ನನ್ ಮನೆ ಕಣಪ್ಪ. ಇದಿರೋಗಂಟ ನಾ ಎಲ್ಲೂ ಬರಾಕಿಲ್ಲ" ಎನ್ನುವಳು ಅತ್ತೆ.

ಸಂಕ್ರಾಂತಿ ಕಳೆದ ಮಾರನೆಯ ದಿನ ಅವಳು ಗುದ್ದಲಿ ಹಿಡಿಯುತ್ತಿದ್ದಳು. ಕೊಟ್ಟಿಗೆ, ಮೆದೆ ಎರಡನ್ನೂ ಸೇರಿಸಿ ಸುತ್ತಲೂ ಒಂದು ಪಟ್ಟಿ ನೆಲವನ್ನು ಹುಲ್ಲಿನ ಬೇರೂ ಉಳಿಯದಂತೆ ಕೆತ್ತಬೇಕು. ಕುಲುಮೆಯ ಸುತ್ತ ಒಣಗಿದ್ದು ಏನೂ ಇರಬಾರದೆಂದು ತಾತ ಇಟ್ಟುಕೊಂಡಿದ್ದ ಲೆಕ್ಕವೇ ಅವಳದೂ. ಹಾರೆಯನ್ನು ನೆಲಕ್ಕೆ ಮಲಗಿಸಿ ಅಳೆಯುವಳು: ಎರಡು ಹಾರೆ ಅಗಲ. ಯುಗಾದಿಯವರೆಗೆ ದಿನಾ ಬೆಳಿಗ್ಗೆ ಮನೆಯಂಗಳದಂತೆ ಅದನ್ನು ಗುಡಿಸುವಳು. ಸುತ್ತಲಿನ ಗದ್ದೆಯವರು ತರಗಿಗೆ ಬೆಂಕಿ ಕೊಡುವ ಮೊದಲು ಬಂದು ಹೇಳಿಹೋಗುತ್ತಿದ್ದರು. ಅವಳು ಮಾಡಿಗೆ ನೀರೆರಚಿ ಕಾದು ನಿಲ್ಲುತ್ತಿದ್ದಳು. ಬೆಂಕಿ ಬರಿನೆಲದವರೆಗೆ ಬಂದು, ತಿನ್ನಲು ಏನೂ ಸಿಗದೆ ಕೂರುತ್ತಿತ್ತು. ಎಷ್ಟೋ ವರ್ಷ ಹೀಗೇ ನಡೆಯಿತು.

ಆರು ವರ್ಷದ ಹಿಂದೆ ನಾನು ಮೈಸೂರಿನಲ್ಲಿ ಎಂ.ಎಸ್ಸಿ. ಓದುತ್ತಿದ್ದೆ. ಮಣ್ಣಿನ ಹೊದಿಕೆಯ ಬಗ್ಗೆ ಸೆಮಿನಾರು ಕೊಡಬೇಕಿತ್ತು. ಹೊಸದಾಗಿ ಕಲಿತವರಿಗೆ ಕಂಡದ್ದೆಲ್ಲ ಉದಾಹರಣೆಯಾಗುತ್ತದೆ, ನೋಡಿ. ಊರಿಗೆ ಬಂದಾಗ ಅತ್ತೆಯ ಬರಿನೆಲ ನನಗೆ ಗಾಯದಂತೆ ಕಂಡಿತು. ಅವಳು ನಾಗಮಂಗಲದ ಒಂದು ಮದುವೆಗೆ ಹೋಗಿದ್ದ ಎರಡು ದಿನದಲ್ಲಿ, ಪಕ್ಕದ ಗದ್ದೆಯಿಂದ ತರಗು ಹೊತ್ತು ತಂದು ಆ ಪಟ್ಟಿಯುದ್ದಕ್ಕೂ ಹೊದಿಸಿದೆ. ಜೀವನದಲ್ಲಿ ಅಷ್ಟು ಮೈಮುರಿದು ನಾನು ಇನ್ನೇನನ್ನೂ ಮಾಡಿಲ್ಲ. ಫೋಟೋ ತೆಗೆದು ಅಪ್ಪನಿಗೂ ಕಳಿಸಿದೆ.

ಅತ್ತೆ ಬಂದು ಚೀಲವನ್ನೂ ಇಳಿಸದೆ ನೋಡಿದಳು. "ಚೆಂದಾಗದೆ. ತೆಗ್ದಾಕ್ಬುಡವ್ವ" ಎಂದಳು. ಮಣ್ಣು ಎಷ್ಟು ತೇವ ಹಿಡಿಯುತ್ತದೆಂದು ಅಳೆಯಬೇಕು, ಒಂದು ವಾರ ಇರಲಿ ಎಂದು ಗೋಗರೆದೆ. ಯಾರ ಮಾತಿಗೂ ಬಗ್ಗದ ಹೆಂಗಸು ನನ್ನ ಮಾತಿಗೆ ಬಗ್ಗಿದಳು. "ಒಂದ್ ವಾರ ಅಷ್ಟೆಯಾ."

ನಾಲ್ಕನೆಯ ದಿನ ಮಧ್ಯಾಹ್ನ ಪಕ್ಕದ ಗದ್ದೆಗೆ ಬೆಂಕಿ ಬಿತ್ತು. ಆ ವರ್ಷ ಅದನ್ನು ಗುತ್ತಿಗೆಗೆ ಹಿಡಿದವನು ಪಾಂಡವಪುರದ ಕಡೆಯವನು. ಹೇಳಿಹೋಗುವ ಪದ್ಧತಿ ಅವನಿಗೆ ತಿಳಿಯದು. ಕಡ್ಡಿ ಗೀರಿ ಊಟಕ್ಕೆ ಹೋಗಿದ್ದ. ಗಾಳಿ ನಮ್ಮ ಕಡೆಗಿತ್ತು. ನಾನು ಚಿಕ್ಕಪ್ಪನ ಮನೆಯಿಂದ ಓಡಿ ಬರುವಷ್ಟರಲ್ಲಿ ಬೆಂಕಿ ನಾನು ಹಾಸಿದ ದಾರಿಯಲ್ಲೇ ನಡೆದು ಮೆದೆಯನ್ನು ಮುಟ್ಟಿತ್ತು. ಅತ್ತೆ ಹಗ್ಗ ಕೊಯ್ದು ಹಸುಗಳನ್ನು ಹೊರಗೆ ಅಟ್ಟಿದ್ದಳು. ಮಾಡು ಕುಸಿದದ್ದನ್ನು ನಾವಿಬ್ಬರೂ ನಿಂತು ನೋಡಿದೆವು.

ಸಂಜೆ ಅಪ್ಪ ಬಂದರು. ಕಾಲಿನಿಂದ ಬೂದಿ ಕೆದಕಿ, ಇಲ್ಲಿ ತರಗು ಹಾಕಿದ್ದು ಯಾರೆಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಹೇಳಿದಳು: "ನಾನೇ ಕಣಪ್ಪ. ದನ ಮಲಗಕ್ಕೆ ಮೆತ್ತಗಿರ್ಲಿ ಅಂತ."

ಬಾಯಿ ತೆರೆಯುವ ಮೊದಲೇ ಎಂದೆನಲ್ಲ, ಅದು ನಾನು ನನಗೇ ಹೇಳಿಕೊಳ್ಳುತ್ತ ಬಂದ ಮಾತು. ಆಮೇಲೂ ಬೇಕಾದಷ್ಟು ಹೊತ್ತಿತ್ತು.

ಅಕ್ಕನಿಗೆ ಅರುಳುಮರುಳು, ಇನ್ನು ಒಂಟಿಯಾಗಿ ಬಿಡುವಂತಿಲ್ಲ ಎಂದು ಅಪ್ಪ ನೆಂಟರಿಗೆಲ್ಲ ಹೇಳಿದರು. ಬೆಂಕಿಯನ್ನು ಅಷ್ಟು ವರ್ಷ ಹೊರಗಿಟ್ಟವಳಿಗೆ, ಮನೆ ಸುಟ್ಟುಕೊಂಡವಳು ಎಂಬ ಹೆಸರು ಬಂತು. ಹಸುಗಳನ್ನು ಮಾರಿ, ಅವಳನ್ನು ಕೆ.ಆರ್.ಪೇಟೆಯ ಮನೆಯ ಹಿಂದಿನ ಕೋಣೆಗೆ ತಂದರು. ಕೊಟ್ಟಿಗೆಯ ಜಾಗದಲ್ಲಿ ಈಗ ಚಿಕ್ಕಪ್ಪನ ಟ್ರಾಕ್ಟರಿಗೆ ಶೀಟಿನ ಶೆಡ್ಡು ಎದ್ದಿದೆ. ನನ್ನ ಸೆಮಿನಾರಿಗೆ ಚಪ್ಪಾಳೆ ಬಿತ್ತು. ಫೋಟೋ ಚೆನ್ನಾಗಿತ್ತು.

ಇವತ್ತು ದುಪಟ್ಟಾ ಕೊಡವುತ್ತಿದ್ದಾಗ ಕೆಳಗೆ ಕಣ್ಣು ಹೋಯಿತು. ಮನೆಯವರ ದನದ ಕೊಟ್ಟಿಗೆಗೆ ಒರಗಿಸಿ ತರಗು ಪೇರಿಸಿದ್ದರು. ಅದರಾಚೆಯ ಗದ್ದೆಯಿಂದ ಹೊಗೆ ಏಳುತ್ತಿತ್ತು. ನಾನು ಅಪ್ಪನಿಗೆ ಫೋನು ಮಾಡಿ, ಪೀಠಿಕೆಯಿಲ್ಲದೆ, ಅವತ್ತು ತರಗು ಹಾಕಿದ್ದು ನಾನು ಎಂದೆ.

ಅಪ್ಪ, "ಗೊತ್ತಿತ್ತು ಬುಡವ್ವ. ಫೋಟೋ ನಂಗೂ ಕಳ್ಸಿದ್ದಲ್ಲ" ಎಂದರು. ದನಿಯಲ್ಲಿ ಕೋಪವೂ ಇರಲಿಲ್ಲ. "ಎಂಗೂ ಅವಳ್ನ ಅಲ್ಲಿಂದ ಎಬ್ಬುಸ್ಬೇಕಿತ್ತು."

ಆರು ವರ್ಷ ನಾನು ಬಚ್ಚಿಟ್ಟದ್ದು ಅಪ್ಪನಿಗೆ ಉಪಯೋಗಕ್ಕೆ ಬಂದಿತ್ತು. ಅತ್ತೆಗೆ ಕೊಡಿ ಎಂದೆ. ಅವಳಿಗೂ ಅದನ್ನೇ ಹೇಳಿದೆ, ಅಪ್ಪನಿಗೆ ಮೊದಲಿಂದಲೂ ಗೊತ್ತಿತ್ತಂತೆ ಎಂದೂ ಹೇಳಿದೆ. ಅವಳು ಕೇಳಿಸಿಕೊಂಡಳು. ಪರವಾಗಿಲ್ಲ ಎನ್ನಲಿಲ್ಲ. ಇಲ್ಲೂ ಗದ್ದೆ ಉರಿಯುತ್ತಿದೆ, ಮನೆಯವರ ಕೊಟ್ಟಿಗೆಗೆ ತರಗು ಒರಗಿಸಿದ್ದಾರೆ ಎಂದೆ.

"ಗಾಳಿ ಎತ್ಲಾಗದೆ?"

"ಈ ಕಡೆಗೇ ಅತ್ತೆ."

"ಮತ್ಯಾಕೆ ಫೋನ್ ಇಡ್ಕೊಂಡ್ ನಿಂತಿದ್ದೀಯೆ? ಓಗು. ಫೋಟೋ ಆಮೇಲ್ ತೆಗಿವಂತೆ."

ಕೆಳಗಿಳಿದು ಗುದ್ದಲಿ ಕೇಳಿದೆ. ಮನೆಯೊಡತಿ ನನ್ನನ್ನು ಒಮ್ಮೆ, ಹೊಗೆಯನ್ನು ಒಮ್ಮೆ ನೋಡಿ ಒಳಗಿಂದ ಎರಡು ತಂದರು. ಹಾರೆಯೂ ಬೇಕೆಂದೆ. ತರಗನ್ನು ಇಬ್ಬರೂ ದೂರ ಎಳೆದ ಮೇಲೆ, ಹಾರೆಯನ್ನು ಕೊಟ್ಟಿಗೆಯ ಗೋಡೆಗೆ ತಾಗಿಸಿ ನೆಲಕ್ಕೆ ಮಲಗಿಸಿದೆ. ಆಮೇಲೆ ಅದರ ತುದಿಯಿಂದ ಇನ್ನೊಂದು ಸಲ.